ಮೇಲ್ಭಾಗ, ಕೆಳಭಾಗ

ಮಾರ್ಚ್ ೨೬, ಗುರುವಾರ

ನಾಳೆಯಿಂದ ಫೈನಲ್. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಕಪ್. ಎದುರಾಳಿ ಹಾರ್ಲೆಟ್. ಐವತ್ತು ಕಿಲೋಮೀಟರ್ ಆಚೆಗಿರುವ ಆ ಊರಿನವರ ಮೇಲೆ ನನಗೆ ವೈಯಕ್ತಿಕವಾಗಿ ಯಾವ ದ್ವೇಷವೂ ಇಲ್ಲ. ಅವರೆಲ್ಲ ಕಳ್ಳರು ಎನ್ನುವುದು ನಮ್ಮ ಮೆರಿಲ್‌ನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಯಾರಾದರೂ ಆ ಮಾತು ತೆಗೆದರೆ ನಾನು ಹೂಂಗುಟ್ಟುತ್ತೇನೆ, ಅಷ್ಟೇ.

ಸಂಜೆ ಐಸ್ ಹಾಕಿ ಕ್ಲಬ್ಬಿನ ಸಮಿತಿ ಸೇರಿತ್ತು. ನಾನು ಕಾರ್ಯದರ್ಶಿಯಾಗಿ ಹತ್ತೊಂಬತ್ತು ವರ್ಷವಾಯಿತು. ಪಂದ್ಯದ ದಿನ ಬೆಳಿಗ್ಗೆ ಒಂಬತ್ತರೊಳಗೆ ಯಾರು ಆಡುತ್ತಾರೆ, ಯಾರಿಗೆ ಎಲ್ಲಿ ಪೆಟ್ಟಾಗಿದೆ ಎಂಬ ಪ್ರಕಟಣೆ ಬರೆದು ಲೀಗಿಗೆ, ಪತ್ರಿಕೆಗೆ, ರೇಡಿಯೋಗೆ ಕಳಿಸುವುದು ನನ್ನ ಕೆಲಸ. ಅಧ್ಯಕ್ಷ ಗಾರ್ತ್ ಪೆಲ್ಟಿಯರ್ ಎದ್ದು ನಿಂತು ಕೊನೆಯ ಸುತ್ತಿನ, ಅಂದರೆ ಪ್ಲೇಆಫ್‌ನ ಹಳೆಯ ನಿಯಮವನ್ನು ಮತ್ತೆ ಓದಿದ. ಗಾರ್ತ್ ಟ್ರ್ಯಾಕ್ಟರ್ ಮಾರುವವನು. ಜೀವಮಾನದಲ್ಲಿ ಕಾಲಿಗೆ ಸ್ಕೇಟ್ ಕಟ್ಟಿದವನಲ್ಲ, ಹಾಗಾಗಿ ಆಟದ ಬಗ್ಗೆ ಅವನಿಗೆ ಯಾವ ಸಂಶಯವೂ ಇಲ್ಲ.

"ಕಪ್ ಕೈಗೆ ಬರೋ ತನಕ ನಮ್ಮ ಹುಡುಗ್ರ ಮೈಯಲ್ಲಿ ಇರೋದು ಎರಡೇ ಅಂಗ. ಮೇಲ್ಭಾಗ, ಕೆಳಭಾಗ. ಬೆರಳು, ಮೂಗು, ಹಿಮ್ಮಡಿ ಅಂತ ಯಾರಾದ್ರೂ ಬಾಯಿ ಬಿಟ್ರೋ, ಹಾರ್ಲೆಟ್‌ನೋರು ಹುಡುಕ್ಕೊಂಡು ಬಂದು ಅಲ್ಲಿಗೇ ಬಾರಿಸ್ತಾರೆ."

"ಹೊಕ್ಕುಳ ಯಾವ್ದಕ್ಕೆ ಸೇರುತ್ತೆ?" ಎಂದು ಕೋಚ್ ರೂಡಿ ಫೇರ್ ಕೇಳಿದ. ನಮ್ಮ ಗೋಲ್‌ಕೀಪರ್‌ಗೆ ಹೊಟ್ಟೆಯ ಸ್ನಾಯು ಹಿಡಿದುಕೊಂಡಿದೆ. ಇದರ ಮೇಲೆ ನಲವತ್ತು ನಿಮಿಷ ಚರ್ಚೆ ನಡೆಯಿತು. ಬೆಲ್ಟ್ ಎಲ್ಲಿ ಕಟ್ಟುತ್ತೇವೋ ಅದೇ ಗಡಿ ಎಂದು ಒಬ್ಬರು, ಗಾರ್ತ್ ಬೆಲ್ಟ್ ಕಟ್ಟುವ ಜಾಗ ನೋಡಿದರೆ ಅದನ್ನು ಒಪ್ಪಲಾಗದು ಎಂದು ಇನ್ನೊಬ್ಬರು. ಕೊನೆಗೆ ಐದು-ಮೂರು ಮತಗಳಿಂದ ಹೊಕ್ಕುಳವನ್ನು ಮೇಲ್ಭಾಗಕ್ಕೆ ಸೇರಿಸಲಾಯಿತು. ನಡಾವಳಿಯಲ್ಲಿ ಬರೆದುಕೊಂಡೆ.

ಈ ಹತ್ತೊಂಬತ್ತು ವರ್ಷಗಳಲ್ಲಿ ನಾನು ಪ್ರಕಟಣೆಯಲ್ಲಿ ಒಮ್ಮೆಯೂ ಬರೆಯದ ಪದವೆಂದರೆ ತಲೆ. ಅದನ್ನು ಬರೆದರೆ, ಡಾಕ್ಟರು ಪತ್ರ ಕೊಡುವ ತನಕ ಆ ಹುಡುಗ ಐಸ್ ಮೇಲೆ ಕಾಲಿಡುವಂತಿಲ್ಲ ಎಂದು ಲೀಗಿನ ನಿಯಮವಿದೆ. ಹಾಗಾಗಿ ನಮ್ಮ ಕ್ಲಬ್ಬಿನ ದಾಖಲೆಯ ಪ್ರಕಾರ ಇವತ್ತಿನವರೆಗೆ ಯಾವ ಆಟಗಾರನಿಗೂ ತಲೆಯಿಲ್ಲ. ಸಮಿತಿಯವರಿಗೂ ಇಲ್ಲ ಎಂದು ಮೆಟ್ರೋ ಹೇಳುತ್ತಿದ್ದ.

ಮೆಟ್ರೋ, ನನ್ನ ಗಂಡ, ಈ ಕ್ಲಬ್ಬಿನ ಹಿರಿಯರ ತಂಡದಲ್ಲಿ ಹದಿನಾರು ವರ್ಷ ಆಡಿದ. ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಆಟದಲ್ಲಿ ಉದುರಿದ ಅವನ ಏಳು ಹಲ್ಲುಗಳನ್ನು ಸಾಸಿವೆ ಜಾಡಿಯಲ್ಲಿ ಹಾಕಿ ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ಕೆಲವರ ಮನೆಯಲ್ಲಿ ಪದಕ ಇರುತ್ತದೆ, ನಮ್ಮ ಮನೆಯಲ್ಲಿ ಇದು. ಕೊನೆಕೊನೆಗೆ ಅವನಿಗೆ ಸ್ವಲ್ಪ ಮರೆವು ಹಿಡಿದಿತ್ತು, ಅರವತ್ತಾರಕ್ಕೇ ಹೋಗಿಬಿಟ್ಟ. ವಯಸ್ಸಾದ ಮೇಲೆ ಮರೆವು ಯಾರಿಗಿಲ್ಲ? ಅವನು ಹೋದ ಮೇಲೆ ನಾನು ಈ ದಿನಚರಿ ಹಿಡಿದೆ.

ಎರಡು ಚಳಿಗಾಲದಿಂದ ಮೇಲಿನ ಕೋಣೆ ಎಮೆಟ್ ಸೊರೆನ್ಸನ್‌ನದು. ಹದಿನೇಳು ವರ್ಷ, ಆರು ಗಂಟೆ ದಾರಿ ಉತ್ತರಕ್ಕೆ ದನ ಸಾಕುವವರ ಮಗ, ನಮ್ಮ ತಂಡಕ್ಕೆ ಇಂಥ ಹುಡುಗ ಬಂದು ಇಪ್ಪತ್ತು ವರ್ಷವಾಗಿತ್ತು. ಜೂನ್‌ನಲ್ಲಿ ದೊಡ್ಡ ಲೀಗಿನವರು ಹುಡುಗರನ್ನು ಆರಿಸುತ್ತಾರೆ. ಆಟಗಾರರನ್ನು ಅಳೆದು ನೋಡುವ ಅವರ ಸ್ಕೌಟ್‌ಗಳು ಈ ಫೈನಲ್ ನೋಡಲು ಬರುತ್ತಿರುವುದೇ ಇವನಿಗಾಗಿ. ಇಲ್ಲಿ ತಂಗಿದ ಹುಡುಗರೆಲ್ಲ ನನ್ನನ್ನು ಬಾಬಾ ಎನ್ನುತ್ತಾರೆ, ನಮ್ಮ ಉಕ್ರೇನಿಯನ್ ಮನೆಗಳಲ್ಲಿ ಅಜ್ಜಿಗೆ ಹಾಗೆ. ಎಮೆಟ್ ಬೆಳಿಗ್ಗೆ ಇಳಿದು ಬಂದವನೇ ಜಾಡಿಗೆ ಸಲಾಮು ಹೊಡೆದು "ಗುಡ್ ಮಾರ್ನಿಂಗ್, ಮೆಟ್ರೋ ಸರ್" ಎಂದು ಹೇಳಿಯೇ ತಿಂಡಿಗೆ ಕೂರುವುದು. ಗೆಲ್ಲುವ ತನಕ ಗಡ್ಡ ತೆಗೆಯಬಾರದೆಂಬ ಪದ್ಧತಿಯಂತೆ ಗಡ್ಡವನ್ನೂ ಬಿಟ್ಟಿದ್ದಾನೆ. ಹನ್ನೊಂದು ಕೂದಲು ಬಂದಿವೆ.

ನನ್ನ ಕೆಳಭಾಗ ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಎಲ್ಲಿ ಎಂದು ಇಲ್ಲಿಯೂ ಬರೆಯುವುದಿಲ್ಲ. ಪುಸ್ತಕ ಯಾರ ಕೈಗೆ ಸಿಗುತ್ತದೋ.

ಮಾರ್ಚ್ ೨೯, ಭಾನುವಾರ

ಶುಕ್ರವಾರ ಗೆದ್ದೆವು, ನಿನ್ನೆ ಸೋತೆವು. ಎರಡರಲ್ಲೂ ಎಮೆಟ್ ಗೋಲ್ ಹೊಡೆದ.

ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿದೆ. ಚರ್ಚ್ ಮುಗಿಸಿ ಬರುವಾಗ ಬೇಕರಿಯ ಒಕ್ಸಾನಾಳನ್ನು ಮಾತಾಡಿಸಿದೆ. ಅವಳ ಗಂಡ ವಾರದಿಂದ ಕಾಣಿಸಿಲ್ಲ.

"ಯಜಮಾನ್ರು ಹೇಗಿದಾರೆ?"

"ಕೆಳಭಾಗ," ಎಂದಳು, ಆಚೀಚೆ ನೋಡಿ.

"ಅಂದ್ರೆ ಕಾಲಾ?"

"ಅಯ್ಯೋ ಆರ್ಲೀನ್, ನೀನೇ ಹೀಗೆ ಬೀದೀಲಿ ನಿಂತು ಕೇಳೋದಾ?"

ಅವಳ ಗಂಡನಿಗೆ ಎಪ್ಪತ್ತೊಂದು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾನೆ. ಹಾರ್ಲೆಟ್‌ನವರು ಅವನಿಗೆ ಯಾಕೆ ಬಾರಿಸುತ್ತಾರೋ ಗೊತ್ತಿಲ್ಲ, ಆದರೂ ಎಚ್ಚರಿಕೆ ಒಳ್ಳೆಯದೇ. ಗಾರ್ತ್‌ನ ನಾಯಿ ಕುಂಟುತ್ತಿತ್ತು. ಏನಾಯ್ತು ಎಂದು ಕೇಳಿದ್ದಕ್ಕೆ ಅವನು ತಬ್ಬಿಬ್ಬಾದ. ನಾಯಿಗೆ ಇರುವುದು ಮುಂಭಾಗ, ಹಿಂಭಾಗ. ಅದಕ್ಕೆ ನಮ್ಮ ನಿಯಮದಲ್ಲಿ ಅವಕಾಶವಿಲ್ಲ. ಮುಂದಿನ ಸಭೆಗೆ ಇಡಬೇಕು.

ಏಪ್ರಿಲ್ ೧, ಬುಧವಾರ

ಹಾರ್ಲೆಟ್‌ನಲ್ಲಿ ನಿನ್ನೆ ಗೆಲುವು, ಇವತ್ತು ಸೋಲು. ಎರಡು-ಎರಡು.

ಸ್ಕೌಟ್‌ಗಳು ಐದು ಜನ. ಕಪ್ಪು ಕೋಟು, ಕೈಯಲ್ಲಿ ಪೇಪರ್ ಲೋಟದ ಕಾಫಿ, ಮುಖದಲ್ಲಿ ಸಾವಿನ ಮನೆಗೆ ಬಂದವರ ಕಳೆ. ಎಮೆಟ್ ಎರಡನೇ ಗೋಲ್ ಹೊಡೆದಾಗ ಅಲ್ಲಿಗೆ ಬಂದಿದ್ದ ನಮ್ಮ ಊರಿನವರೆಲ್ಲ ಎದ್ದು ಕೂಗಿದರು, ಅವರು ಐವರೂ ಒಟ್ಟಿಗೆ ತಲೆ ಬಗ್ಗಿಸಿ ಏನೋ ಗೀಚಿಕೊಂಡರು. ಕ್ಯಾಂಟೀನಿನಲ್ಲಿ ಒಬ್ಬನ ಹಿಂದೆ ನಿಂತು ಇಣುಕಿ ನೋಡಿದೆ. "ಮೊಣಕೈ ಚೆನ್ನಾಗಿದೆ. ತಾಯಿ ಎತ್ತರ?" ಎಂದು ಬರೆದಿತ್ತು. ನಮ್ಮಜ್ಜ ಹೋರಿ ಕೊಳ್ಳುವಾಗ ಇಷ್ಟೇ ಕೇಳುತ್ತಿದ್ದ. ಆದರೆ ಅವನು ಹೋರಿಯ ಕಣ್ಣನ್ನೂ ನೋಡುತ್ತಿದ್ದ.

ಏಪ್ರಿಲ್ ೪, ಶನಿವಾರ

ಗೆದ್ದೆವು! ಮೂರು-ಎರಡು. ಇನ್ನೊಂದು ಗೆದ್ದರೆ ಕಪ್ ನಮ್ಮದು.

ಮಧ್ಯಾಹ್ನದ ಪಂದ್ಯ, ನಮ್ಮ ಐಸ್ ಆಟದ ರಿಂಕ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡನೇ ಅವಧಿಯಲ್ಲಿ ಹಾರ್ಲೆಟ್‌ನ ಆರನೇ ನಂಬರಿನ ಎತ್ತು ಹಿಂದಿನಿಂದ ಬಂದು ಎಮೆಟ್‌ನನ್ನು ಅಂಚಿನ ಗಾಜಿಗೆ ಗುದ್ದಿತು. ಹೆಲ್ಮೆಟ್ ಗಾಜಿಗೆ ಬಡಿದ ಸದ್ದು ಹದಿನೆಂಟನೇ ಸಾಲಿನಲ್ಲಿ ಕೂತ ನನಗೂ ಕೇಳಿಸಿತು. ಹುಡುಗ ಮಂಡಿಯೂರಿ ಸ್ವಲ್ಪ ಹೊತ್ತು ಕೂತೇ ಇದ್ದ. ನಾನು ಎದ್ದು ನಿಂತು, ಅಚ್ಚ ಗಂಡಸಿನ ದನಿಯಲ್ಲಿ, "ಏಳೋ ಮಗನೇ, ಏಳು!" ಎಂದು ಕಿರುಚಿದೆ. ಎದ್ದ. ಆಮೇಲೆ ಹಾರ್ಲೆಟ್‌ನವರ ಬೆಂಚಿಗೆ ಹೋಗಿ ಕೂರಲು ಹೊರಟ. ರೂಡಿ ಕರೆದು ಕೂರಿಸಿಕೊಂಡ. ಜನ ಬಿದ್ದು ಬಿದ್ದು ನಕ್ಕರು. ಕೊನೆಯ ಅವಧಿಯಲ್ಲಿ ಗೆಲುವಿನ ಗೋಲ್ ಹೊಡೆದದ್ದೂ ಅವನೇ!

ಕಾರಿನಲ್ಲಿ ಬರುವಾಗ "ಬಾಬಾ, ಗೆದ್ವಾ?" ಎಂದು ಕೇಳಿದ. ಗೆದ್ದೆವು ಎಂದೆ. ಗೋಧಿ ಗೋದಾಮಿನ ತಿರುವಿನಲ್ಲಿ ಮತ್ತೆ ಕೇಳಿದ. ಮನೆಗೆ ಬಂದು ಪೆರೋಗಿ ಕಡುಬು ಇಟ್ಟರೆ ಎರಡು ತಿಂದು ವಾಂತಿ ಮಾಡಿದ. ಎಂದೂ ಹದಿನಾಲ್ಕಕ್ಕೆ ಕಡಿಮೆ ತಿಂದವನಲ್ಲ. ಸಂಭ್ರಮ ಹೆಚ್ಚಾದರೆ ಹೊಟ್ಟೆ ಹೀಗೆಯೇ. ಮೆಟ್ರೋ ದವಡೆ ಮುರಿದುಕೊಂಡು ಮೂರು ಪಂದ್ಯ ಆಡಿದ್ದ, ಹುರುಳಿರುವ ಗಂಡಸರು ಹಾಗೆಯೇ.

ಗಾರ್ತ್ ಫೋನ್ ಮಾಡಿದ. "ಸೋಮವಾರದ್ದಕ್ಕೆ ಕೆಳಭಾಗ ಅಂತ ಬರಿ."

"ಬಡಿದಿದ್ದು ಮೇಲಲ್ವಾ?"

"ಅದಕ್ಕೇ ಕಣೇ ಕೆಳಭಾಗ! ಮೇಲ್ಭಾಗ ಅಂದ್ರೆ ಅಲ್ಲಿಗೇ ಬರ್ತಾರೆ. ಮಂಡಿ ಅಂದ್ಕೊಂಡು ಮಂಡಿ ಹಿಂದೆ ಬೀಳ್ಲಿ."

ಟ್ರ್ಯಾಕ್ಟರ್ ಮಾರುವವನಾದರೂ ತಲೆ ಓಡುತ್ತದೆ.

ಏಪ್ರಿಲ್ ೫, ಈಸ್ಟರ್ ಭಾನುವಾರ

ಬೆಳಿಗ್ಗೆ ಎಮೆಟ್ ಪಾಸ್ಕಾ ರೊಟ್ಟಿ ಮುಟ್ಟಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದ. ಬೆಕ್ಕನ್ನು ಬಸ್ಟರ್ ಎಂದು ಕರೆದ. ಬಸ್ಟರ್ ಅವನ ಊರಿನ ನಾಯಿ. ನನಗೆ ಯಾಕೋ ಸಮಾಧಾನವಾಗದೆ ಆಸ್ಪತ್ರೆಗೆ ಒಮ್ಮೆ ತೋರಿಸೋಣ ಎಂದು ಗಾರ್ತ್‌ಗೆ ಹೇಳಿದೆ. ಅವನು "ನಾನೂ ಬರ್ತೀನಿ" ಎಂದು ಓಡಿ ಬಂದ. ಬಂದದ್ದೇ ಒಳ್ಳೆಯದಾಯಿತು, ಡ್ಯೂಟಿಯಲ್ಲಿ ಇದ್ದವಳು ನರ್ಸ್ ವಿಲ್ಮಾ. ನಮ್ಮ ಊರಿಗೆ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾದರೂ ಅವಳು ಹುಟ್ಟಿದ್ದು ಹಾರ್ಲೆಟ್‌ನಲ್ಲಿ, ಅಣ್ಣನ ಮಗ ಅವರ ಗೋಲ್‌ಕೀಪರ್.

"ಏನಾಯ್ತು ಹುಡುಗನಿಗೆ?" ಎಂದಳು.

"ಕೆಳಭಾಗ," ಎಂದೆವು ನಾನೂ ಗಾರ್ತೂ ಒಂದೇ ಉಸಿರಿಗೆ.

"ಇದು ಆಸ್ಪತ್ರೆ. ಇಲ್ಲಾದ್ರೂ ಹೇಳ್ಬಹುದು."

"ಅದನ್ನೇ ಹೇಳಿದ್ವಲ್ಲ."

ಅವಳು ಬಗ್ಗಿ ಎಮೆಟ್‌ನ ಮುಖ ನೋಡಿ, "ಇವತ್ತು ಏನ್ ವಾರ ಮರಿ?" ಎಂದು ಕೇಳಿದಳು. ಹಾರ್ಲೆಟ್‌ನವರ ಕಪಟ ಪ್ರಶ್ನೆ. ಅವನು ಬಾಯಿ ತೆರೆಯುವ ಮೊದಲೇ ನಾವಿಬ್ಬರೂ "ಈಸ್ಟರ್ ಭಾನುವಾರ!" ಎಂದೆವು. ಹೊಸದಾಗಿ ಬಂದ ಎಳೆ ಡಾಕ್ಟರು ಎರಡೂ ಮಂಡಿಯ ಎಕ್ಸ್‌ರೇ ತೆಗೆಸಿ, ಇಷ್ಟು ಚಂದದ ಮಂಡಿಗಳನ್ನು ತಾನು ನೋಡಿಯೇ ಇಲ್ಲ ಎಂದರು. ಆದರೂ ಇರಲಿ ಎಂದು ಊರುಗೋಲು ಕೊಟ್ಟರು. ಎಮೆಟ್ ಅದನ್ನು ಹಿಡಿದು ಬಾಗಿಲಿನ ಕಡೆಗಲ್ಲದೆ ಬೀರುವಿನ ಕಡೆ ನಡೆದ. ನಟನೆಯೂ ಬರುತ್ತದೆ ಹುಡುಗನಿಗೆ.

ಕಾರಿನಲ್ಲಿ ಗಾರ್ತ್ ತೊಡೆ ತಟ್ಟಿಕೊಂಡು ನಕ್ಕ. ನಾನೂ ನಕ್ಕೆ. ಸಂಜೆಯ ತನಕ ನನ್ನ ಮೇಲ್ಭಾಗದಲ್ಲಿ ಏನೋ ಭಾರ ಕೂತಂತಿತ್ತು. ಸಾಸೇಜ್ ಹೆಚ್ಚಾಗಿರಬೇಕು.

ಏಪ್ರಿಲ್ ೬, ಸೋಮವಾರ

ಹಾರ್ಲೆಟ್‌ನಲ್ಲಿ ಸೋತೆವು. ಮೂರು-ಮೂರು. ಬುಧವಾರ ಇಲ್ಲೇ ಕೊನೆಯ ಪಂದ್ಯ.

ಎಮೆಟ್‌ನನ್ನು ಊರುಗೋಲಿನ ಕಥೆಯನ್ನು ಹಾರ್ಲೆಟ್‌ನವರು ನಂಬಲಿ ಎಂದು ಬೇಕೆಂದೇ ಆಡಿಸಲಿಲ್ಲ. ಅವನು ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದ. ನಾನು ಪಂದ್ಯಕ್ಕೆ ಹೋಗದೆ ರೇಡಿಯೋ ಕೇಳಿದೆ. ಸದ್ದು ಕಡಿಮೆ ಮಾಡಿ ಎಂದು ಎರಡು ಸಲ ಕೂಗಿದ, ಕಡಿಮೆ ಮಾಡಿದೆ. ಆಮೇಲೆ ಆರಿಸಿಯೇ ಬಿಟ್ಟೆ.

ಅವನ ತಾಯಿ ಕ್ರಿಸ್ಟನ್ ಫೋನ್ ಮಾಡಿದಳು. ಹಸುಗಳು ಕರು ಹಾಕುವ ಕಾಲ, ಒಂದು ದಿನವೂ ಬಿಟ್ಟು ಬರಲಾಗುವುದಿಲ್ಲ.

"ರೇಡಿಯೋದಲ್ಲಿ ಕೆಳಭಾಗ ಅಂದ್ರು. ನಿಜ ಹೇಳಿ ಮಿಸೆಸ್ ಬೋಯ್ಕೊ, ಏನಾಗಿದೆ?"

"ಕೆಳಭಾಗಾನೇ," ಎಂದೆ.

"ಸದ್ಯ. ನಾನು ಎಲ್ಲಿ ತಲೆಗೆ ಬಿತ್ತೋ ಅಂತ ಹೆದರಿದ್ದೆ. ನೀವಿದೀರಲ್ಲ, ನಂಗೆ ಚಿಂತೆಯಿಲ್ಲ."

ಹಾರ್ಲೆಟ್‌ನವರು ಫೋನ್ ಕದ್ದು ಕೇಳಿದರೂ ಕೇಳಬಹುದು. ಅದಕ್ಕೇ ಹಾಗೆ ಹೇಳಿದೆ.

ಏಪ್ರಿಲ್ ೭, ಮಂಗಳವಾರ

ಬೆಳಿಗ್ಗೆ ಎಮೆಟ್ ಗೋಡೆ ಹಿಡಿದುಕೊಂಡು ಇಳಿದು ಬಂದ. ನಾನು ಒಲೆಯ ಮುಂದೆ ಇದ್ದೆ. ಅವನು ನನ್ನ ಪಕ್ಕ ನಿಂತು ಹಲಗೆಯ ಮೇಲಿನ ಜಾಡಿಯನ್ನು ತುಂಬಾ ಹೊತ್ತು ನೋಡಿದ.

"ಬಾಬಾ, ಇವು ಯಾರ ಹಲ್ಲು?"

"ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡ ಕಣೋ."

"ಇಲ್ಲ, ನಿಜವಾಗ್ಲೂ. ಯಾರದು?"

ತಿರುಗಿ ನೋಡಿದೆ. ಮುಖದಲ್ಲಿ ನಗು ಇರಲಿಲ್ಲ.

ಇದೇ ಮಾತನ್ನು ಇದೇ ಜಾಗದಲ್ಲಿ ನಿಂತು ಮೆಟ್ರೋ ಕೇಳಿದ್ದ. ಅವನಿಗೆ ಆಗ ಅರವತ್ತೊಂದು. "ಆರ್ಲೀನ್, ಇವು ಯಾರ ಹಲ್ಲು?" ಎಂದಿದ್ದ. "ನಿಂದೇ ಕಣೋ ಪೆದ್ದ" ಎಂದು ನಕ್ಕಿದ್ದೆ. ಒಕ್ಸಾನಾಳಿಗೂ ಹೇಳಿ ನಕ್ಕಿದ್ದೆ, ಕ್ಲಬ್ಬಿನ ಊಟದ ದಿನ ಎದ್ದು ನಿಂತು ಊರಿಗೆಲ್ಲ ಹೇಳಿ ನಗಿಸಿದ್ದೆ. ಮಾರನೇ ವರ್ಷ ನನ್ನನ್ನೇ ನೋಡಿ, ನೀನು ಯಾರು ಎಂದು ಕೇಳಿದ.

ಪ್ಯಾನ್‌ಕೇಕ್ ಸೀದುಹೋಯಿತು.

ಮಧ್ಯಾಹ್ನ ಸ್ಕೌಟ್ ಒಬ್ಬ ಕಳಿಸಿದ ಅರ್ಜಿ ತುಂಬಲು ಎಮೆಟ್ ಕೂತ. ಸಾಲುಗಳು ಓಡಾಡುತ್ತವೆ, ನೀವೇ ಓದಿ ಎಂದ. ಓದಿದೆ. "ಈ ವರ್ಷ ಆದ ಪೆಟ್ಟುಗಳು" ಎಂದಿತ್ತು.

"ಕೆಳಭಾಗ ಅಂತ ಬರೀರಿ ಬಾಬಾ. ನಾಳೆ ನಾನು ಆಡ್ಲೇಬೇಕು. ಐದು ಜನಾನೂ ಇರ್ತಾರೆ. ನಾಳೆ ಬಿಟ್ರೆ ನಾನು ಮನೇಗೋಗಿ ದನ ಕಾಯೋದೇ."

ಉಳಿದದ್ದನ್ನೆಲ್ಲ ತುಂಬಿದೆ. ಆ ಜಾಗ ಖಾಲಿ ಬಿಟ್ಟೆ.

ಸಂಜೆ ಗಾರ್ತ್ ಬಂದ. ಬಾಗಿಲಲ್ಲೇ ನಿಂತು ಕೇಳಿದ: "ನಾಳೆ ಪ್ರಕಟಣೆ ರೆಡಿನಾ? 'ಸೊರೆನ್ಸನ್, ಕೆಳಭಾಗ, ಗುಣವಾಗಿದೆ, ಆಡ್ತಾನೆ.' ಅಷ್ಟೇ."

"ಅವನಿಗೆ ಮೆಟ್ರೋನ ಹಲ್ಲು ಗುರುತು ಸಿಗ್ಲಿಲ್ಲ, ಗಾರ್ತ್."

"ಎಪ್ಪತ್ತರ ದಶಕದಲ್ಲಿ ಉದುರಿದ ಹಲ್ಲು, ಯಾರಿಗೆ ಸಿಗುತ್ತೆ? ಊರೆಲ್ಲ ನಾಳೆಗೋಸ್ಕರ ಕಾದು ಕೂತಿದೆ ಕಣೇ. ಮೆಟ್ರೋ ಇದ್ದಿದ್ರೆ ಏನ್ ಹೇಳ್ತಿದ್ದ?"

ಮೆಟ್ರೋ ಇದ್ದಿದ್ದರೆ ಏನೂ ಹೇಳುತ್ತಿರಲಿಲ್ಲ. ಕೊನೆಯ ಎರಡು ವರ್ಷ ಅವನಿಗೆ ಮಾತೇ ಇರಲಿಲ್ಲ.

ಏಪ್ರಿಲ್ ೮, ಬುಧವಾರ, ಬೆಳಿಗ್ಗೆ

ಎಂಟೂ ನಲವತ್ತಕ್ಕೆ ಪ್ರಕಟಣೆ ಕಳಿಸಿದೆ. "ನಂಬರ್ ೧೭, ಎಮೆಟ್ ಸೊರೆನ್ಸನ್. ಪೆಟ್ಟು: ತಲೆ. ಶನಿವಾರದಿಂದ."

ಅದಕ್ಕೂ ಮೊದಲು ಕ್ರಿಸ್ಟನ್‌ಗೆ ಫೋನ್ ಮಾಡಿ ನಿಜ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಒಂಬತ್ತಕ್ಕೆ ಲೀಗಿನ ಕಚೇರಿಯಿಂದ ಒಬ್ಬ ಹುಡುಗಿ ಕರೆ ಮಾಡಿದಳು.

"ಮೇಡಂ, ನಿಮ್ಮ ಪ್ರಕಟಣೇಲಿ ಟೈಪಿಂಗ್ ತಪ್ಪಾಗಿದೆ ಅನ್ಸುತ್ತೆ. ತಲೆ ಅಂತ ಬಂದಿದೆ."

"ತಪ್ಪಲ್ಲಮ್ಮ, ತಲೆನೇ."

"ನಮ್ಮ ಕಂಪ್ಯೂಟರ್‌ನಲ್ಲಿ ಎರಡೇ ಆಯ್ಕೆ ಇರೋದು ಮೇಡಂ. ನಾನು ಇದನ್ನ ಯಾವ್ದಕ್ಕೆ ಹಾಕ್ಲಿ?"

"ಅವನ ಕುತ್ತಿಗೆ ಮೇಲೆ ಇದೆಯಲ್ಲ, ಅಲ್ಲಿಗೆ ಹಾಕು," ಎಂದು ಫೋನ್ ಇಟ್ಟೆ.

ಎಮೆಟ್ ಮೇಲಿನಿಂದ ಕೇಳಿಸಿಕೊಂಡಿದ್ದಾನೆ. ಬಾಗಿಲು ದಡಾರನೆ ಬಡಿಯಿತು. "ನನ್ನ ಜೀವನ ಹಾಳ್ ಮಾಡ್ಬಿಟ್ರಿ! ನಿಮ್ಮನ್ನ ಯಾರು ಕೇಳಿದ್ದು?" ಎಂದು ಕೂಗಿದ. ಕೂಗಿದ್ದಕ್ಕೆ ಅವನಿಗೇ ನೋವು ಹೆಚ್ಚಾಗಿ ಅತ್ತ. ಒದ್ದೆ ಬಟ್ಟೆ ತಂದು ಬಾಗಿಲ ಮುಂದೆ ಇಟ್ಟು ಕೆಳಗೆ ಬಂದೆ.

ಏಪ್ರಿಲ್ ೯, ಗುರುವಾರ

ಮೂರು-ಎರಡರಲ್ಲಿ ಸೋತೆವು. ಹೆಚ್ಚುವರಿ ಅವಧಿಯಲ್ಲಿ, ಹೊಡೆದವನು ಆ ಆರನೇ ನಂಬರಿನ ಎತ್ತು.

ಸ್ಕೌಟ್‌ಗಳು ಪ್ರಕಟಣೆ ನೋಡಿ ಪಂದ್ಯಕ್ಕೆ ಮೊದಲೇ ಹೊರಟುಹೋದರಂತೆ. ಒಬ್ಬ ಮಾತ್ರ ರೂಡಿಯನ್ನು ಕೇಳಿದನಂತೆ, "ತಲೆ ಅಂದ್ರೆ ನಿಜವಾದ ತಲೆನಾ?"

ಇವತ್ತು ಅಂಗಡಿಗೆ ಹೋದರೆ ಎಲ್ಲರೂ ಆಲೂಗಡ್ಡೆ ಆರಿಸುವುದರಲ್ಲಿ ಮುಳುಗಿಬಿಟ್ಟರು. ಇಷ್ಟು ಶ್ರದ್ಧೆಯಿಂದ ಆಲೂಗಡ್ಡೆ ಆರಿಸಿದ್ದನ್ನು ಈ ಊರಿನಲ್ಲಿ ನೋಡಿರಲಿಲ್ಲ. ಒಕ್ಸಾನಾ ನನಗೆ ನಿನ್ನೆಯ ಬ್ರೆಡ್ಡು ಕೊಟ್ಟಳು. ರೇಗಿತು, ಆದರೂ ತಂದೆ.

ಏಪ್ರಿಲ್ ೧೨, ಭಾನುವಾರ

ಸಮಿತಿ ನನ್ನನ್ನು ಕೈಬಿಟ್ಟಿತು. ಕೈಬಿಟ್ಟೆವು ಎಂದು ಹೇಳುವ ಧೈರ್ಯ ಗಾರ್ತ್‌ಗೆ ಇಲ್ಲ. ರಿಂಕ್‌ನ ಬಾಗಿಲಿಗೆ ನೋಟೀಸು ಅಂಟಿಸಿದ್ದಾನೆ: "ಕಾರ್ಯದರ್ಶಿ ಶ್ರೀಮತಿ ಬೋಯ್ಕೊ ದೇಹದ ಮೇಲ್ಭಾಗದ ತೊಂದರೆಯಿಂದ ಅನಿರ್ದಿಷ್ಟ ಕಾಲ ಲಭ್ಯರಿರುವುದಿಲ್ಲ." ಹತ್ತೊಂಬತ್ತು ವರ್ಷದ ಕೆಲಸಕ್ಕೆ ಇದು ಬೀಳ್ಕೊಡುಗೆ. ಓದಿ ಅಲ್ಲಿಯೇ ನಿಂತು ಜೋರಾಗಿ ನಕ್ಕೆ, ಮನೆಗೆ ಬಂದು ಅತ್ತೆ.

ಶುಕ್ರವಾರ ಎಮೆಟ್‌ನನ್ನು ದೊಡ್ಡ ಊರಿನ ತಲೆಯ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಗೊತ್ತು ಮಾಡಿಕೊಟ್ಟದ್ದು ವಿಲ್ಮಾ. ಊರಲ್ಲಿ ನನ್ನ ಜೊತೆ ಮಾತಾಡಿದವಳು ಅವಳೊಬ್ಬಳೇ, ಕಾರೂ ಅವಳೇ ಓಡಿಸಿದಳು. ಶರತ್ಕಾಲದ ತನಕ ಸ್ಕೇಟ್ ಮುಟ್ಟಬಾರದು, ಕತ್ತಲು, ನಿದ್ದೆ, ಸಮಯ ಇಷ್ಟೇ ಮದ್ದು, ಚಿಕ್ಕ ವಯಸ್ಸು, ಸರಿಹೋಗಬೇಕು ಎಂದರು ಡಾಕ್ಟರು. ಬುಧವಾರ ಆಡಿ ಮತ್ತೊಮ್ಮೆ ಅಲ್ಲಿಗೇ ಬಿದ್ದಿದ್ದರೆ ಎಂದು ಶುರುಮಾಡಿ, ಎಮೆಟ್ ಮುಖ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟರು.

ದಾರಿಯಲ್ಲಿ ಹುಡುಗ ಹಿಂದಿನ ಸೀಟಿನಲ್ಲಿ ಮಲಗಿದ್ದ. ವಿಲ್ಮಾ ಮೆಲ್ಲಗೆ ಹೇಳಿದಳು: "ಈಸ್ಟರ್ ದಿನ ನಾನು ಕೇಳಿದ್ದು ಹುಡುಗನ್ನ. ಉತ್ತರ ಹೇಳಿದ್ದು ನೀವು."

"ನೀನು ಹಾರ್ಲೆಟ್‌ನೋಳು ಅಂತ..."

"ಹೋದ ತಿಂಗಳು ನಮ್ಮಣ್ಣ ಅವನ ಮಗನ್ನ ಕರ್ಕೊಂಡು ಬಂದಿದ್ದ. ಪಕ್ಕೆಲುಬು ಎರಡು ಮುರಿದಿತ್ತು. ನಾನು ಮೆರಿಲ್‌ಗೆ ಮದುವೆಯಾದೋಳು ಅಂತ ನನ್ನ ಹತ್ರ ಕೆಳಭಾಗ ಅಂದ. ಸ್ವಂತ ಅಣ್ಣ! ಆ ಹುಡುಗನ ಕಾಲಿಗೆ ಬ್ಯಾಂಡೇಜ್ ಸುತ್ತಿ ಕಳ್ಸಿದ್ವಿ."

ಇಬ್ಬರಿಗೂ ನಗು ಬಂತು. ಹಿಂದಿನ ಸೀಟಿನ ನೆನಪಾಗಿ ಬಾಯಿ ಮುಚ್ಚಿಕೊಂಡೆವು.

ಏಪ್ರಿಲ್ ೨೬, ಭಾನುವಾರ

ಕ್ರಿಸ್ಟನ್ ಟ್ರಕ್ ತಂದಿದ್ದಳು. ತೋಳಿಗೆ ಇನ್ನೂ ಕರುವಿನ ವಾಸನೆ. ನನ್ನ ಕೈಕುಲುಕಲಿಲ್ಲ. ಎಮೆಟ್‌ನ ಪೆಟ್ಟಿಗೆ ಹೊರುವಾಗ ಮಾತ್ರ, "ನಾನು ನಿಮ್ಮನ್ನ ನಂಬಿದ್ದೆ," ಎಂದಳು. "ಗೊತ್ತು," ಎಂದೆ. ಪೆಟ್ಟಿಗೆಯ ಇನ್ನೊಂದು ತುದಿ ನಾನು ಹಿಡಿದೆ. ಬೇಡ ಎನ್ನಲಿಲ್ಲ.

ಎಮೆಟ್ ಹದಿನೆಂಟು ದಿನದಿಂದ ನನ್ನ ಜೊತೆ ಹೂಂ, ಊಹೂಂ ಬಿಟ್ಟು ಬೇರೇನೂ ಆಡಿಲ್ಲ. ಗಡ್ಡ ಬೋಳಿಸಿದ್ದಾನೆ, ಹನ್ನೊಂದೂ ಹೋದವು. ಪರವಾಗಿಲ್ಲ, ಕೋಪ ನೆನಪಿಟ್ಟುಕೊಂಡಿದ್ದಾನಲ್ಲ ಎಂದು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಕಡುಬು ಹತ್ತಕ್ಕೆ ಏರಿತ್ತು.

ಟ್ರಕ್ ಶುರುವಾದ ಮೇಲೆ ಇಳಿದು ವಾಪಸ್ ಬಂದ. ಏನೋ ಮರೆತಿದ್ದಾನೆ ಎಂದುಕೊಂಡೆ. ಸೀದಾ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ನಿಂತ. ಕೈ ಎತ್ತಿ ಜಾಡಿಗೆ ಸಲಾಮು ಹೊಡೆದ.

"ಮೆಟ್ರೋ ಸರ್‌ದು," ಎಂದ, ನನ್ನ ಕಡೆ ನೋಡದೆ. "ಏಳು. ನಾಲ್ಕು ಮೇಲಿನವು, ಮೂರು ಕೆಳಗಿನವು. ನೀವೇ ಹೇಳಿದ್ದು ಬಾಬಾ, ನಾನು ಬಂದ ಮೊದಲನೇ ದಿನ."

ಹೊರಟುಹೋದ. ಟ್ರಕ್ ಗೋದಾಮಿನ ತಿರುವು ದಾಟುವ ತನಕ ಕಿಟಕಿಯಲ್ಲಿ ನಿಂತಿದ್ದೆ.

ಮಧ್ಯಾಹ್ನ ಗಾರ್ತ್ ಫೋನ್ ಮಾಡಿದ್ದ. ಸೆಪ್ಟೆಂಬರ್‌ಗೆ ಒಬ್ಬ ಹೊಸ ಹುಡುಗ ಬರುತ್ತಾನಂತೆ, ಹದಿನಾರು ವರ್ಷ, ಬೆಂಕಿಯಂತೆ ಆಡುತ್ತಾನಂತೆ, ಊರಲ್ಲಿ ಬೇರೆ ಯಾರ ಮನೆಯಲ್ಲೂ ಕೋಣೆ ಖಾಲಿ ಇಲ್ಲವಂತೆ. ಮೊದಲು ಅವನ ತಾಯಿಯ ನಂಬರ್ ಕೊಡು ಎಂದೆ. ಯಾಕೆ ಎಂದು ಕೇಳಿದ. ಕೊಡು ಎಂದೆ.

ಪೆಟ್ಟಿಗೆ ಹೊತ್ತದ್ದಕ್ಕೋ ಏನೋ ಮಂಡಿ ನೋಯುತ್ತಿದೆ. ಎಡಮಂಡಿ, ಒಳಮಗ್ಗುಲು.

ಎದೆಯೂ ನೋಯುತ್ತಿದೆ.